ಡಯಾಲಿಸಿಸ್ ವ್ಯಾನಿಗೆ ಬಿಸಿ ಮರಳಿಸಿದ ಗಾಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಹಳೆಯ ಬಿಳಿ ವ್ಯಾನೊಂದು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಮನಸ್ಸು ಮಾಡಿ ಶುರುವಾಗುತ್ತದೆ. ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡ ಹೆಂಗಸೊಬ್ಬರು ಮುಂದಿನ ಗಾಜಿಗೆ ಅಂಟಿದ ಮಂಜನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯುತ್ತಿದ್ದಾರೆ. ಕೆರೆದು ಮುಗಿಸಿ ಒಳಗೆ ಹತ್ತಿದವರು ಸ್ಟೀರಿಂಗ್ ಹತ್ತಿರ ಹೋಗುವುದಿಲ್ಲ. ಕಟ್ಟಕಡೆಯ ಸೀಟಿನಲ್ಲಿ ಕುಳಿತು, ಕಾಲಬುಡದ ಕಿಂಡಿಗೆ ಅಂಗೈ ಒಡ್ಡುತ್ತಾರೆ. ಸ್ವಲ್ಪ ಹೊತ್ತಿಗೆ ಮುಖ ಸಡಿಲಾಗುತ್ತದೆ. "ಹಾಂ, ಬಂತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎದ್ದು ಮುಂದೆ ಬರುತ್ತಾರೆ.

ಇವರನ್ನು ಎಲ್ಲರೂ ಕರೆಯುವುದು ಗಾಡಿಯಕ್ಕ ಎಂದು. ಕಿಡ್ನಿ ಕೈಕೊಟ್ಟವರನ್ನು ಮನೆ ಬಾಗಿಲಿಂದ ಡಯಾಲಿಸಿಸ್‌ಗೆ ಕರೆತರುವುದು, ಮುಗಿದ ಮೇಲೆ ಮತ್ತೆ ಮನೆ ಮುಟ್ಟಿಸುವುದು ಇವರ ಕೆಲಸ. ದಿನಕ್ಕೆ ಎರಡು ತಂಡ, ತಂಡಕ್ಕೆ ಆರು ಮಂದಿ, ಭಾನುವಾರ ರಜೆ. ಗಂಟೆಗಟ್ಟಲೆ ಯಂತ್ರದ ಪಕ್ಕ ಮಲಗಿ, ರಕ್ತವೆಲ್ಲ ಮೈಯಿಂದ ಹೊರಗೆ ಸುತ್ತಿ ಬಂದ ಮೇಲೆ ಎಷ್ಟೋ ಜನಕ್ಕೆ ಮೂಳೆಯೊಳಗೇ ಚಳಿ ಹೊಕ್ಕಂತಾಗುತ್ತದೆ. ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೂ ಅದು ಬಿಡುವುದಿಲ್ಲ. ಅಂಥವರಿಗೆ ವ್ಯಾನಿನ ಹೀಟರ್ ಅಂದರೆ ಔಷಧಿಯ ಇನ್ನೊಂದು ಭಾಗವೇ.

ಗಾಡಿಯಕ್ಕ ಮೊದಲು ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಲೈಸೆನ್ಸ್ ಮಾಡಿಸಿಕೊಂಡು ಇದೇ ವ್ಯಾನಿನಲ್ಲಿ ಬೆಡ್‌ಶೀಟಿನ ಮೂಟೆಗಳನ್ನು ಸಾಗಿಸಿದರು. ಆಮೇಲೆ ಆಡಳಿತದವರು ವ್ಯಾನಿಗೆ ಸೀಟು ಕೂರಿಸಿ ರೋಗಿಗಳಿಗೆ ಕೊಟ್ಟರು. "ಗಾಡಿ ಜೊತೆಗೆ ನನಗೂ ಬಡ್ತಿ ಸಿಕ್ತು," ಎಂದು ನಗುತ್ತಾರೆ. "ಮೂಟೆಗಳು ಒಳ್ಳೇವು. ಚಳಿ ಅಂತ ಒಂದಿನ ಬಾಯಿ ಬಿಟ್ಟಿದ್ದಿಲ್ಲ."

ಬಾಯಿ ಬಿಟ್ಟವರು ಟೈಲರಮ್ಮ. ಬ್ಲೌಸು, ಪರದೆ, ಶಾಲೆಯ ಸಮವಸ್ತ್ರ ಹೊಲಿದು ಬದುಕಿದ, ಒಂಟಿಯಾಗಿರುವ ಹೆಂಗಸು. ಈ ಚಳಿಗಾಲ ಶುರುವಾದಾಗಿನಿಂದ ವ್ಯಾನಿನ ಹೀಟರ್ ಬಿಸಿ ಉಗುಳುವುದನ್ನು ಬಿಟ್ಟು ಬರೀ ಉಸಿರು ಬಿಡುತ್ತಿತ್ತು. ಗ್ಯಾರೇಜಿನವನು ಎಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಬದಲಾಯಿಸಿ ಕೊಟ್ಟ, ಎಂಜಿನ್ ಚೆನ್ನಾಗಿ ಕಾಯತೊಡಗಿತು, ಹಿಂದಿನ ಸೀಟು ಮಾತ್ರ ಹಾಗೇ ತಣ್ಣಗಿತ್ತು. ಗಾಡಿಯಕ್ಕ ಮನೆಯ ಕಂಬಳಿಗಳನ್ನೆಲ್ಲ ವ್ಯಾನಿಗೆ ಸಾಗಿಸಿದರು. ಅವರ ಗಂಡ ಕೋಟು ಹೊದ್ದು ಮಲಗಬೇಕಾಯಿತು.

ಒಂದು ಶುಕ್ರವಾರ ಮನೆ ಮುಂದೆ ಇಳಿದ ಟೈಲರಮ್ಮ ವ್ಯಾನಿನ ಬಾಗಿಲು ಹಿಡಿದುಕೊಂಡೇ ನಿಂತರು. "ಸೋಮವಾರ ನನ್ನ ಮನೆ ಹತ್ರ ಬರಬೇಡಮ್ಮ. ಸೂಜಿ ಚುಚ್ಚಿಸ್ಕೋತೀನಿ, ಉಪ್ಪಿಲ್ಲದ ಊಟ ಮಾಡ್ತೀನಿ. ಈ ಚಳಿ ಮಾತ್ರ ನನ್ನ ಕೈಲಾಗಲ್ಲ."

ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆಂದು ಗಾಡಿಯಕ್ಕನಿಗೆ ಗೊತ್ತು. ಮೈಯಲ್ಲಿ ನೀರು ನಿಂತು ಉಸಿರು ಕಟ್ಟಿದವರನ್ನು ಇದೇ ವ್ಯಾನಿನಲ್ಲಿ ತಂದಿದ್ದಾರೆ.

ಭಾನುವಾರ ಬೆಳಿಗ್ಗೆ ಗ್ಯಾರೇಜಿನವನ ಮನೆ ಬಾಗಿಲು ತಟ್ಟಿದರು. ಅವನು ಹಲ್ಲುಜ್ಜುತ್ತಲೇ ಹೇಳಿದ: "ಅಕ್ಕಾ, ಎಂಜಿನ್ನಿನ ಬಿಸಿನೀರು ಹರಿಯೋ ಹೀಟರಿನ ಜಾಲರಿ ಒಳಗೆ ಕಟ್ಕೊಂಡಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೊಸದು ಹಾಕ್ಬೇಕು. ಈ ಗಾಡಿಗೆ ಅದು ಎಲ್ಲಿ ಸಿಗುತ್ತೋ ದೇವರಿಗೇ ಗೊತ್ತು. ಒಂದು ವಾರ ಬಿಟ್ಟು ಹೋಗಿ."

"ವಾರ ಬಿಟ್ರೆ ಅವರನ್ನೆಲ್ಲ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ? ಹೊಸದು ಬೇಡಪ್ಪ. ಇರೋದನ್ನೇ ತೊಳೆಯೋಕಾಗಲ್ವಾ?"

ಅವನು ಬಾಯಿ ಮುಕ್ಕಳಿಸಿ ಸ್ವಲ್ಪ ಯೋಚಿಸಿದ. "ತೊಳೀಬಹುದು. ಹಳೇ ತಗಡು. ತೂತು ಬಿದ್ರೆ ಇರೋ ಬಿಸೀನೂ ಹೋಯ್ತು ಅನ್ಕೊಳ್ಳಿ."

"ಬೀಳಲ್ಲ. ಮೆಲ್ಲಗೆ ತೊಳೆಯೋಣ."

ಎಂಜಿನ್ ಕಾಯಿಸಿ ಮುಟ್ಟಿ ನೋಡಿದರು. ಹೀಟರಿಗೆ ಹೋಗುವ ಕೊಳವೆ ಸುಡುತ್ತಿತ್ತು, ವಾಪಸ್ ಬರುವ ಕೊಳವೆ ಬರೀ ಉಗುರುಬೆಚ್ಚಗೆ. ಒಳಗೆ ಕಸ ಕಟ್ಟಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಂಜಿನ್ ಆರುವವರೆಗೆ ಕಾದು ಎರಡೂ ಕೊಳವೆ ಕಳಚಿದರು. ನಲ್ಲಿಯ ಪೈಪು ಜೋಡಿಸಿ ನೀರು ಬಿಟ್ಟರೆ ಆ ಕಡೆಯಿಂದ ಸಣ್ಣಗೆ ತೊಟ್ಟಿಕ್ಕಿತು, ಅಷ್ಟೇ.

"ವಾಪಸ್ ಬರೋ ಕಡೆಯಿಂದ ಬಿಡಪ್ಪ," ಎಂದರು ಗಾಡಿಯಕ್ಕ. "ದಿಂಬಿನ ಕವರಿನ ಮೂಲೇಲಿ ಸೇರ್ಕೊಂಡ ಗಲೀಜು ಹೋಗ್ಬೇಕಂದ್ರೆ ಒಳಗಿಂದು ಹೊರಗೆ ಮಾಡಲೇಬೇಕು."

ಅವನೂ ಅದನ್ನೇ ಮಾಡಲು ಹೊರಟಿದ್ದ. ತಿರುವು ಮುರುವು ಮಾಡಿ ಹದವಾಗಿ ನೀರು ಬಿಟ್ಟರು. ಮೊದಲು ಏನೂ ಇಲ್ಲ. ಆಮೇಲೆ ಗೊಳಕ್ ಎಂದು ತುಕ್ಕಿನ ಕೆಸರು ಇಬ್ಬರ ಚಪ್ಪಲಿಯ ಮೇಲೂ ಬಿತ್ತು. ನೀರು ತಿಳಿಯಾಗುವವರೆಗೆ ಗಾಡಿಯಕ್ಕ ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೇ ಇದ್ದರು. ಎಲ್ಲೂ ಸೋರಲಿಲ್ಲ.

ಕೊಳವೆ ಜೋಡಿಸಿ, ಎಂಜಿನ್ನಿಗೆ ಹಾಕುವ ಕೂಲೆಂಟ್ ನೀರು ತುಂಬಿ, ಹೀಟರ್ ಹಾಕಿದರೆ ಬಂದದ್ದು ಮೊದಲಿಗಿಂತ ತಣ್ಣನೆಯ ಗಾಳಿ. "ಅಲ್ಲಿಗೆ ಮುಗೀತು ಕಥೆ," ಎನ್ನುತ್ತಾರೆ. "ಇದ್ದಿದ್ದನ್ನೂ ಹಾಳು ಮಾಡ್ದೆ ಅನ್ಕೊಂಡೆ."

"ಅಳಬೇಡಿ ಅಕ್ಕಾ, ಗಾಳಿ ಸಿಕ್ಕಿಕೊಂಡಿದೆ," ಎಂದ ಗ್ಯಾರೇಜಿನವನು. ಎಂಜಿನ್ ಮತ್ತೆ ತಣ್ಣಗಾದ ಮೇಲೆ ವ್ಯಾನನ್ನು ದಿಬ್ಬದ ಮೇಲೆ ಮೂತಿ ಎತ್ತಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿದ. ಗುಳುಗುಳು ಎಂದು ಗುಳ್ಳೆಗಳು ಏಳುತ್ತಿದ್ದಂತೆ ಕೂಲೆಂಟ್ ಇಳಿಯಿತು, ಇಳಿದಷ್ಟೂ ತುಂಬಿದ. ಗುಳ್ಳೆ ನಿಂತ ಮೇಲೆ ಮುಚ್ಚಳ ಬಿಗಿದು, "ಹಿಂದೆ ಹೋಗಿ ಕೂತ್ಕೊಳ್ಳಿ," ಎಂದ. ಗಾಡಿಯಕ್ಕ ಹೋಗಿ ಕುಳಿತರು. ಮೊದಲು ಪಾದಕ್ಕೆ ತಾಗಿತು, ಆಮೇಲೆ ಮೊಣಕಾಲಿಗೆ. ಹೊರಗಿನಿಂದ ಅವನು "ಹೇಗಿದೆ?" ಎಂದು ಕೂಗಿದಾಗ ಇವರು ಕಿಂಡಿಗೆ ಎರಡೂ ಅಂಗೈ ಒಡ್ಡಿದ್ದರು.

ಸೋಮವಾರ ಟೈಲರಮ್ಮನ ಮನೆಗೆ ಹೋದರು. ಬಾಗಿಲು ತೆರೆದ ಟೈಲರಮ್ಮ, "ಬರಬೇಡ ಅಂದಿದ್ದೆನಲ್ಲ," ಎಂದರು.

"ಆಸ್ಪತ್ರೆಗೆ ಬರಬೇಡಿ ಬಿಡಿ. ಗಾಡೀಲಿ ಸುಮ್ನೆ ಒಂದು ಗಳಿಗೆ ಕೂತು ಹೋಗಿ."

ಅವರು ಹತ್ತಿ ಕುಳಿತರು. ಕಾಲಿಗೆ ಬಿಸಿ ತಾಗುತ್ತಲೇ ಮಫ್ಲರ್ ಸಡಿಲಿಸಿದರು. "ಮನೆಗಿಂತ ಇಲ್ಲೇ ವಾಸಿ. ನಡಿ, ಹೋಗೋಣ."

ಅಂದಿನಿಂದ ಒಂದು ಸರದಿಯೂ ತಪ್ಪಿಲ್ಲ. ಹೊಸ ವ್ಯಾನು ಬರುತ್ತದಂತೆ, ಯಾವಾಗ ಎಂದು ಯಾರೂ ಹೇಳುವುದಿಲ್ಲ. ಗಾಡಿಯಕ್ಕನಿಗೂ ಅವಸರವಿಲ್ಲ.

ಮೊದಲ ತಂಡವನ್ನು ವಾಪಸ್ ಬಿಡುವ ಹೊತ್ತು. ವ್ಯಾನು ಸಿಗ್ನಲ್ಲಿನಲ್ಲಿ ನಿಂತಿದೆ. ಹಿಂದೆ ಆರಕ್ಕೆ ಆರೂ ಮಂದಿ ನಿದ್ದೆಹೋಗಿದ್ದಾರೆ. ಎಲ್ಲರಿಗಿಂತ ಜೋರು ಗೊರಕೆ ಟೈಲರಮ್ಮನದು. ಗಾಡಿಯಕ್ಕ ಕನ್ನಡಿಯಲ್ಲಿ ಒಮ್ಮೆ ನೋಡಿ, ಪಕ್ಕದಲ್ಲಿ ಕುಳಿತ ನನಗೆ ದನಿ ತಗ್ಗಿಸಿ ಹೇಳುತ್ತಾರೆ:

"ಮನೆ ಬಂದ್ರೂ ಎಬ್ಬಿಸೋಕೆ ಮನಸ್ಸಾಗಲ್ಲ ನೋಡಿ. ಒಂದು ಸುತ್ತು ಹೆಚ್ಚಿಗೆ ಹಾಕ್ತೀನಿ. ಯಾರಿಗೂ ಹೇಳ್ಬೇಡಿ."