ಸದ್ದಿಲ್ಲದ ನೀರು

ನಮ್ಮ ಸಾಕುಪ್ರಾಣಿ ಸಾಮಾನಿನ ಅಂಗಡಿಗೆ ಈ ಟೈಲರ್ ಬಂದರೆಂದರೆ ನನಗೆ ತಲೆನೋವು ಗ್ಯಾರಂಟಿ. ಬೆಕ್ಕು ಹೆಚ್ಚು ನೀರು ಕುಡಿಯಲೆಂದು ಒಂದು ಪುಟ್ಟ ಕಾರಂಜಿ ಕೊಳ್ಳಬೇಕು, ಅಷ್ಟೇ. ಮನೆ ಕೊಳ್ಳುವವರೂ ಇಷ್ಟು ಸತಾಯಿಸುವುದಿಲ್ಲ. ಪ್ಲಾಸ್ಟಿಕ್ಕಿನದನ್ನು ಮೂಸಿ ನೋಡಿ, "ವಾಸನೆ, ನಮ್ಮ ಬೆಕ್ಕಮ್ಮ ಮೂತಿ ತಿರುಗಿಸ್ತಾಳೆ" ಅನ್ನುತ್ತಾರೆ. ಪಿಂಗಾಣಿಯದಕ್ಕೆ ಟೇಪು ಹಿಡಿದು, ಗಿರಾಕಿಯ ಕುತ್ತಿಗೆ ಅಳೆದಷ್ಟೇ ಗಂಭೀರವಾಗಿ ಅಳೆದು, ಬೆಕ್ಕಿನ ಮೀಸೆ ಅಂಚಿಗೆ ತಾಗುತ್ತದೆಂದು ಬದಿಗಿಡುತ್ತಾರೆ. ಸ್ಟೀಲಿನದು ಸದ್ದೇ ಮಾಡುವುದಿಲ್ಲ ಎಂದು ನಾನು ಹೊಗಳಿದರೆ ಮುಖ ಸಿಂಡರಿಸುತ್ತಾರೆ. "ಸದ್ದಿಲ್ಲದ ನೀರು ಯಾರಿಗೆ ಬೇಕಪ್ಪಾ?" ಎಂದು ಒಂದೊಂದಕ್ಕೂ ಕಿವಿಯಿಟ್ಟು ಕಣ್ಣು ಮುಚ್ಚುತ್ತಾರೆ. ಬಿಸಿಲಲ್ಲಿ ಬಂದಿದ್ದಾರೆಂದು ಲೋಟದಲ್ಲಿ ನೀರು ಕೊಟ್ಟರೆ ಮುಟ್ಟುವುದಿಲ್ಲ. ಬಿರಿದ ತುಟಿಗೆ ಒದ್ದೆ ಕರವಸ್ತ್ರ ಒತ್ತಿಕೊಳ್ಳುತ್ತಾರೆ. ಇವತ್ತು ನನಗೆ ರೇಗಿಹೋಯಿತು. "ಬೆಕ್ಕು ಹಾಳಾಗಲಿ, ನೀವಾದ್ರೂ ಕುಡೀರಿ ಯಜಮಾನ್ರೇ" ಅಂದೆ. ಅವರು ಅಂಗಿಯ ತೋಳು ಮೇಲೆತ್ತಿ ಡಯಾಲಿಸಿಸ್ ಸೂಜಿಯ ಗುರುತುಗಳನ್ನು ತೋರಿಸಿದರು. "ಇಬ್ಬರದೂ ಕಿಡ್ನಿ ಹೋಗಿದೆ. ಅವಳ ಡಾಕ್ಟರು ಕುಡಿಸು ಕುಡಿಸು ಅಂತಾರೆ, ನನ್ನ ಡಾಕ್ಟರು ಕುಡೀಬೇಡ ಅಂತಾರೆ. ಅವಳು ಕುಡಿಯೋವಾಗ ಪಕ್ಕದಲ್ಲಿ ಕೂತು ಕೇಳಿಸ್ಕೋತೀನಿ. ಸ್ವಲ್ಪ ಜೋರಾಗಿ ಹರಿಯೋದು ಇದ್ರೆ ಕೊಡಪ್ಪಾ."