ಅತ್ತೆಯ ಅಕ್ಕಡಿ ಸಾಲು

ನಮ್ಮ ಹೊಲಕ್ಕೆ ಸಾವಯವ ತಂದವಳು ನಾನೇ ಎಂದು ಬಹಳ ದಿನ ಮೆರೆದಿದ್ದೇನೆ. ಅರಸೀಕೆರೆ ಪೇಟೆಯಲ್ಲಿ ರೈಲಿನ ಸದ್ದು ಕೇಳಿಕೊಂಡು ಬೆಳೆದವಳಿಗೆ ಮದುವೆಯಾಗುವವರೆಗೂ ರಾಗಿ ಪೈರು ಯಾವುದು, ಹುಲ್ಲು ಯಾವುದು ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಮಾದಿಹಳ್ಳಿಗೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದೆ. ಬೆಳಿಗ್ಗೆ ಹಳೇಬೀಡಿನ ಬಸ್ಸು ಹಿಡಿದು ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಸಂಜೆ ಬಂದು ಬೇಸಾಯದ ಬಗ್ಗೆ ಮನೆಯವರಿಗೆ ಪಾಠ ಹೇಳುತ್ತಿದ್ದೆ. ಎರಡಕ್ಕೂ ಒಂದೇ ದನಿ.

ಎಲ್ಲೋ ಒಂದು ತರಬೇತಿಗೆ ಹೋಗಿ ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಗೊಬ್ಬರದ ಚೀಲ ಮನೆಗೆ ಬರಕೂಡದು, ಔಷಧಿಯ ಡಬ್ಬಿ ಕೊಟ್ಟಿಗೆಯಲ್ಲಿ ಇರಕೂಡದು ಎಂದೆ. ಡ್ರಮ್ಮಿನಲ್ಲಿ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಕೋಲಿನಿಂದ ತಿರುಗಿಸುತ್ತಾ ನಿಂತರೆ, ಅತ್ತೆ ದೂರದಿಂದಲೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗಿತ್ತು ನನ್ನ ಕತೆ. ಹಾಗಂತ ಕೆಲಸ ಸುಳ್ಳಲ್ಲ. ಮೂರು ವರ್ಷದಲ್ಲಿ ಮಣ್ಣು ಹದವಾಯಿತು, ಗುದ್ದಲಿ ಹಾಕಿದಲ್ಲೆಲ್ಲ ಎರೆಹುಳು ಕಾಣತೊಡಗಿತು. ನಮ್ಮನೆಯವರು ಅಕ್ಕಪಕ್ಕದವರ ಮುಂದೆ ಅದನ್ನು ಮೇಡಮ್ಮಿನ ಹೊಲ ಎನ್ನುತ್ತಿದ್ದರು. ತಮಾಷೆಯ ಜೊತೆಗೆ ಅದರಲ್ಲಿದ್ದ ಹೆಮ್ಮೆ ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆಗ ಬೆಂಗಳೂರಿನ ಸಾವಯವ ಅಂಗಡಿಯೊಂದರ ಕಡೆಯವರು ನಮ್ಮ ರಾಗಿ ಕೇಳಿಕೊಂಡು ಬಂದರು. ರಾಗಿಯನ್ನು ಅಂಗೈಯಲ್ಲಿ ಹರಡಿ ನೋಡಿ, ಸಾಸಿವೆ ಬೆರಕೆಯಾಗಿದೆ, ಗಿರಾಕಿಗಳು ಒಪ್ಪುವುದಿಲ್ಲ, ಮುಂದಿನ ಸಲ ಬರೀ ರಾಗಿ ಬೆಳೆದುಕೊಟ್ಟರೆ ಪೂರ್ತಿ ನಾವೇ ತಗೊಳ್ತೀವಿ ಎಂದರು. ಬೆರಕೆ ಎಂಬ ಮಾತು ನನ್ನನ್ನು ಚುಚ್ಚಿತು. ನಾನು ಬೆಳೆಸಿದ್ದು ಬೆರಕೆಯೇ? ಕಾಪಿ ಪುಸ್ತಕದ ಮೇಲೆ ಇಂಕು ಚೆಲ್ಲಿದವರನ್ನು ಕಂಡಾಗ ಬರುವಂಥ ಸಿಟ್ಟು ಬಂತು.

ಬೆರಕೆಗೆ ಕಾರಣ ಅಕ್ಕಡಿ. ನಮ್ಮ ಕಡೆ ರಾಗಿ ಬಿತ್ತುವಾಗ ನಡುನಡುವೆ ಒಂದೊಂದು ಸಾಲು ಬೇರೆ ಕಾಳು ಬೀಳುತ್ತದೆ. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಮನೆಯಲ್ಲಿ ಏನು ಬೀಜ ಇದೆಯೋ ಅದು. ಮುಂದೆ ಎತ್ತು ಕಟ್ಟಿ ಗಂಡಸರು ಕೂರಿಗೆ ಹೊಡೆದುಕೊಂಡು ಹೋದರೆ, ಹಿಂದೆ ಹಗ್ಗದಲ್ಲಿ ಕಟ್ಟಿದ ಬಿದಿರಿನ ಕೊಳವೆಗೆ ಹೆಂಗಸು ಈ ಕಾಳು ಬಿಡುತ್ತಾ ನಡೆಯುತ್ತಾಳೆ. ಅದೇ ಅಕ್ಕಡಿ ಸಾಲು. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದು.

ಆ ಮಳೆಗಾಲ ಬಿತ್ತನೆಗೆ ಮೊದಲು, ಈ ವರ್ಷ ಅಕ್ಕಡಿ ಬೇಡ ಎಂದುಬಿಟ್ಟೆ. ಸಾಸಿವೆಯೊಂದನ್ನು ಕೈಬಿಟ್ಟಿದ್ದರೆ ಸಾಕಿತ್ತು. ದಪ್ಪ ಕಾಳಿನ ಅವರೆ, ತೊಗರಿ ರಾಗಿಯೊಳಗೆ ಎಲ್ಲಿಂದ ಬೆರೆಯಬೇಕು? ಆದರೆ ನನಗೆ ಎಲ್ಲವೂ ಅಚ್ಚುಕಟ್ಟಾಗಬೇಕು. ನಮ್ಮನೆಯವರು ಒಮ್ಮೆ ಅವರಮ್ಮನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅತ್ತೆ ಸರಿ ಬುಡವ್ವ ಎಂದು ಎದ್ದು ದನಕ್ಕೆ ನೀರು ಕುಡಿಸಲು ಹೋದರು. ಒಪ್ಪಿದರು ಎಂದುಕೊಂಡೆ.

ರಾಗಿ ಚೆನ್ನಾಗಿ ಬಂತು. ಒಂದು ಸಾಸಿವೆ ಕಾಳೂ ಇಲ್ಲದ ರಾಗಿ ಚೀಲ ತುಂಬಿಕೊಂಡು ಬೆಂಗಳೂರಿಗೆ ಹೋಯಿತು. ನಾನು ಶಾಲೆಯಲ್ಲಿ ಸಿಹಿ ಹಂಚಿದೆ.

ಸಂಕ್ರಾಂತಿಗೆ ನಾದಿನಿ ಬಂದಳು. ಅವಳನ್ನು ಕೊಟ್ಟಿರುವುದು ಅರಸೀಕೆರೆಯ ಆಚೆಗೆ. ಎರಡು ದಿನ ಇದ್ದು ಹೊರಟ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಅತ್ತೆ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು, ಒಳಗೆ ಬರಲಿಲ್ಲ. ಕೈಯಲ್ಲಿ ಒಂದು ಬಟ್ಟೆಚೀಲ ಇತ್ತು.

"ಒಂದು ಸೇರು ತೊಗರಿಬೇಳೆ ತಕಳ್ಳಲೇನವ್ವ? ಮಗಳನ್ನ ಬರಿಗೈಲಿ ಕಳಿಸಕ್ಕಾಗಲ್ಲ."

ಅದಕ್ಕೇನು ಕೇಳುವುದು, ತಗೊಳ್ಳಿ ಎಂದು ನಾನೇ ಸುರಿಯತೊಡಗಿದೆ. ಸುರಿಯುತ್ತಿದ್ದದ್ದು ಹಳೇಬೀಡಿನ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೊಟ್ಟಣದಿಂದ. ಅರ್ಧ ಸುರಿದವಳು ಕೈ ತಡೆದೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ವಿಷ ಕಾಣದ ನಮ್ಮ ರಾಗಿ ಪೇಟೆಯವರ ಹೊಟ್ಟೆಗೆ ಹೋಗಿತ್ತು. ನಮ್ಮ ಮನೆಯ ಸಾರಿಗೆ ಯಾವ ಊರಿನ, ಯಾವ ಔಷಧಿ ಕುಡಿದ ಬೇಳೆಯೋ ಬಂದಿತ್ತು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ನಾದಿನಿ ಅಲ್ಲಿಂದಲೇ ಹೇಳಿದಳು.

"ಅಂಗಡೀದು ನಮ್ಮೂರಲ್ಲೂ ಸಿಗ್ತದೆ ಕಣವ್ವ. ಇರ್ಲಿ ಬುಡು."

ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಅತ್ತೆ ಅರ್ಧ ತುಂಬಿದ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಅವತ್ತು ನಮ್ಮನೆಯವರನ್ನು ಕೂರಿಸಿಕೊಂಡು ಕೇಳಿದೆ. ಹೊಲ ಯಾರದೇ ಇರಲಿ, ಅಕ್ಕಡಿಯಲ್ಲಿ ಬೆಳೆದದ್ದು ಮನೆಯ ಹೆಂಗಸಿನದು ಎಂದರು. ಮಾವ ಬದುಕಿದ್ದಾಗಲೂ ಅದರ ವಿಷಯಕ್ಕೆ ಬಾಯಿ ಹಾಕಿದವರಲ್ಲ. ಮಗಳ ಗಂಟು, ಬಾಣಂತಿಯರ ಮನೆಗೆ ಹೋಗುವ ಬೇಳೆ, ಮಾಲೇಕಲ್ಲಿನ ಬೆಟ್ಟದ ದೇವರಿಗೆ ಹೊತ್ತ ಹರಕೆ, ಅತ್ತೆಗೊಂದು ರವಿಕೆ ಬಟ್ಟೆ, ಎಲ್ಲಾ ಆ ನಾಲ್ಕು ಸಾಲಿನಲ್ಲೇ ನಡೆಯುತ್ತಿತ್ತು. ನಮ್ಮ ಅಡುಗೆಮನೆಯ ಡಬ್ಬಿಗಳನ್ನು ಇಷ್ಟು ವರ್ಷ ತುಂಬಿದ್ದೂ ಅದೇ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವರ ಮೇಲೆ ಹರಿಹಾಯ್ದೆ. ನಿನ್ನ ಮುಂದೆ ಬಾಯಿ ಬಿಡುವ ಧೈರ್ಯ ಯಾರಿಗಿದೆ ಎಂದು ಅವರು ಮೆಲ್ಲಗೆ ಅಂದರು. ನಗುತ್ತಾ ಅನ್ನಲಿಲ್ಲ.

ಕೊಟ್ಟಿಗೆಯಲ್ಲಿ ಅತ್ತೆ ಹಾಲು ಕರೆಯುತ್ತಿದ್ದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಅಕ್ಕಡಿ ನನಗೆ ಬೇಕು ಎಂದು ಒಂದು ಮಾತು ಕೇಳಬಾರದಿತ್ತೇ ಎಂದೆ. ಅವರು ಕೈ ನಿಲ್ಲಿಸಲಿಲ್ಲ.

"ಕೇಳಿ ಈಸ್ಕೊಂಡ್ರೆ ಅದು ಅಕ್ಕಡಿ ಹೆಂಗಾಯ್ತದವ್ವ?"

ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು. ಮಣ್ಣಿಗೆ ವಿಷ ಹಾಕಬಾರದು ಎಂದು ತರಬೇತಿಯಲ್ಲಿ ಕಲಿತಿದ್ದೆ. ಆ ಮಣ್ಣಿನಲ್ಲಿ ಯಾರಿಗೆ ಎಷ್ಟು ಪಾಲಿದೆ ಎಂದು ಕೇಳಬೇಕೆನ್ನುವುದು ಹೊಳೆದೇ ಇರಲಿಲ್ಲ. ಕೊಡುವ ಕೈಯನ್ನೇ ಬೇಡುವ ಕೈ ಮಾಡಿ, ಅದಕ್ಕೆ ಶುದ್ಧ ಎಂದು ಹೆಸರಿಟ್ಟಿದ್ದೆ.

ಮುಂದಿನ ಮಳೆಗೆ ಮೊದಲು ಬೆಂಗಳೂರಿನವರು ಮತ್ತೆ ಬಂದರು. ಈ ಸಲವೂ ಬರೀ ರಾಗಿ ತಾನೇ ಎಂದರು. ಅಕ್ಕಡಿಯಲ್ಲಿ ಏನು ಬೀಳಬೇಕೆಂದು ಹೇಳುವವಳು ನಾನಲ್ಲ, ಅತ್ತೆಯನ್ನು ಕೇಳಿ ಎಂದೆ. ಅವರಿಗೆ ತಮಾಷೆ ಎನಿಸಿರಬೇಕು, ನಕ್ಕರು. ನಾನು ನಗದೇ ಇದ್ದದ್ದು ನೋಡಿ ಜಗಲಿಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ ಕೇಳಿದರು. ಸಾಸಿವೆ, ಹುಚ್ಚೆಳ್ಳು ಬದುವಿನ ಮೇಲೆ ಹಾಕಿಕೊಳ್ಳುತ್ತೇನೆ, ಅವರೆ, ತೊಗರಿ ಮಾತ್ರ ಒಳಗೆ ಇರುತ್ತದೆ, ಬೇಕಾದರೆ ಕೊಂಡುಕೊಳ್ಳಿ ಎಂದರು ಅತ್ತೆ. ಅಷ್ಟೇ. ಬಂದವರು ಒಪ್ಪಿದರು. ಹೋದ ವರ್ಷವೇ ಒಂದು ಮಾತು ಕೇಳಿದ್ದರೆ ಹೋದ ವರ್ಷವೂ ಹೀಗೇ ಮುಗಿಯುತ್ತಿತ್ತು.

ಬೀಜಕ್ಕೇನು ಮಾಡುವುದು ಎಂದು ನಾನು ಹೆದರಿದ್ದೆ. ಅತ್ತೆ ನನ್ನನ್ನು ಅಟ್ಟ ಹತ್ತಿಸಿ ಎರಡು ಮಡಕೆ ಇಳಿಸಿಕೊಂಡರು. ಬೂದಿಯೊಳಗೆ ಕಾಳು ಗಟ್ಟಿಯಾಗಿ, ಒಂದು ತೂತಿಲ್ಲದೆ ಕೂತಿತ್ತು. ನಾನು ಬೇಡವೆಂದ ಮೇಲೂ ವರ್ಷವಿಡೀ ಅದನ್ನು ಬಿಸಿಲಿಗೆ ಹಾಕಿ, ಬೂದಿ ಬದಲಿಸಿ ಕಾಪಾಡಿದ್ದರು. ನಾನು ಅದೇ ಮನೆಯಲ್ಲಿದ್ದೂ ನೋಡಿರಲಿಲ್ಲ.

ಬಿತ್ತನೆಯ ದಿನ ಶಾಲೆಗೆ ರಜೆ ಹಾಕಿ ಹೊಲಕ್ಕೆ ಹೋದೆ. ನಮ್ಮನೆಯವರು ಕೂರಿಗೆ ಹಿಡಿದರು, ಅತ್ತೆ ಮಡಿಲಲ್ಲಿ ಕಾಳು ಕಟ್ಟಿಕೊಂಡು ಹಿಂದೆ ನಡೆದರು. ಅರ್ಧ ಹೊಲ ಮುಗಿದಾಗ ನನ್ನನ್ನು ಕರೆದು, ಉಳಿದ ಕಾಳನ್ನು ನನ್ನ ಸೆರಗಿಗೆ ಸುರಿದು, ಕೊಳವೆಯನ್ನು ಕೈಗೆ ಕೊಟ್ಟರು.

"ಇಲ್ಲಿಂದಾಚೆಗೆ ನಿಂದು. ಬೆಳೆದದ್ದನ್ನ ಯಾರಿಗಾದ್ರೂ ಕೊಡು, ಮಾರ್ಕೋ, ನೀನೇ ತಿನ್ನು. ನನ್ನೂ ಕೇಳ್ಬ್ಯಾಡ."

ತಿಂಗಳು ತಿಂಗಳು ಸಂಬಳ ತರುವವಳು ನಾನು. ಆದರೂ ತವರಿಗೆ ಒಂದು ತೆಂಗಿನಕಾಯಿ ಒಯ್ಯಬೇಕಾದರೂ ಈ ಮನೆಯಲ್ಲಿ ಒಂದು ಮಾತು ಕೇಳಿಯೇ ಒಯ್ಯುತ್ತಿದ್ದೆ. ಅದು ಅತ್ತೆಗೆ ಗೊತ್ತಿತ್ತು. ಎತ್ತು ಹೊರಟವು. ನನಗೆ ಅಳು ತಡೆಯಲಾಗಲಿಲ್ಲ, ಕಾಳು ಬಿಡುವ ಕೈಯನ್ನು ಮಾತ್ರ ನಿಲ್ಲಿಸಲಿಲ್ಲ.