ದೊರೆ ಮುಟ್ಟದ ಕೊರಳು

ಅರಮನೆಯ ಬಟ್ಟೆ ಒಗೆದವರಿಗೆ ಅರಮನೆಯ ಮೇಲೆ ಭಕ್ತಿ ಉಳಿಯುವುದಿಲ್ಲ. ವರ್ಸೇಲ್ಸ್‌ನ ಕೊಳದ ದಂಡೆಯಲ್ಲಿ ನಲವತ್ತು ವರ್ಷ ನಾನು ಅದನ್ನೇ ಮಾಡಿದೆ. ಮೇಲೆ ಕಿತ್ತಳೆ ಹೂವಿನ ಅತ್ತರು, ಒಳಗೆ ಹೇನು. ಮೆಟ್ಟಿಲ ಮೂಲೆಯಲ್ಲೇ ಉಚ್ಚೆ ಹೊಯ್ದು ಪರದೆಗೆ ಕೈ ಒರೆಸುವ ಜನ ಅವರು. ಇರಲಿ, ಆ ಕೊಳೆಯೆಲ್ಲ ಬೂದಿನೀರಿಗೆ ಹೋಗುತ್ತದೆ. ಮಾತ್ಯುರಿನ್‌ಳ ವಿಷಯದಲ್ಲಿ ಹುಟ್ಟಿದ ಹೇಸಿಗೆ ಮಾತ್ರ ಇವತ್ತಿಗೂ ಹೋಗಿಲ್ಲ.

ಅವಳು ಬಂದದ್ದು ಈಸ್ಟರ್ ಹಬ್ಬದ ಹಿಂದಿನ ದಿನ. ಬೋಸ್ ಬಯಲಿನ ಹಳ್ಳಿಯಿಂದ ನಾಲ್ಕು ದಿನ ನಡೆದಿದ್ದಳು. ಗಂಡ ಜ್ವರದಲ್ಲಿ ಹೋಗಿದ್ದ. ಬೆನ್ನ ಮೇಲೆ ಆರು ವರ್ಷದ ಮಗಳು ಪೆರೆತ್. ಮಗುವಿನ ಕಿವಿಯ ಕೆಳಗಿಂದ ಕೊರಳವರೆಗೆ ಗಂಡಮಾಲೆಯ ಗಂಟುಗಳು. ಒಂದು ಒಡೆದು ಕೀವು ಸೋರುತ್ತಿತ್ತು.

"ಅಕ್ಕ, ದೊರೆ ಮುಟ್ಟೋದು ಯಾವ ಬಾಗಿಲಲ್ಲಿ?" ಎಂದು ಕೇಳಿದಳು.

"ಮೊದಲು ನೀರು ಕುಡಿ ಮಾರಾಯ್ತಿ. ದೊರೆ ಎಲ್ಲಿಗೂ ಓಡಿಹೋಗಲ್ಲ," ಎಂದೆ.

ನಮ್ಮ ದೊರೆಗಳ ಕೈ ತಾಗಿದರೆ ಗಂಡಮಾಲೆ ವಾಸಿಯಾಗುತ್ತದೆಂದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಆಗಿನ ದೊರೆಯ ಮುತ್ತಜ್ಜ ಸಾಯುವ ವರ್ಷದಲ್ಲೂ ಸಾವಿರಾರು ಕೊರಳು ಮುಟ್ಟಿದ್ದನಂತೆ. ಆದರೆ ಮುಟ್ಟುವ ಮೊದಲು ದೊರೆ ಪಾದ್ರಿಯ ಮುಂದೆ ಪಾಪ ಹೇಳಿಕೊಂಡು ಪ್ರಸಾದ ತೆಗೆದುಕೊಳ್ಳಬೇಕು. ಬಂದವರ ಗಾಯವನ್ನು ವೈದ್ಯರು ಮೊದಲೇ ನೋಡುತ್ತಾರೆ. ಗಾಯ ಹಸಿಯಾಗಿದ್ದರೆ ಒಳಗೆ, ಒಣಗಿದ್ದರೆ ಹೊರಗೆ.

ಐದು ವರ್ಷದ ಕೂಸಾಗಿದ್ದಾಗಲೇ ಸಿಂಹಾಸನಕ್ಕೆ ಬಂದ ನಮ್ಮ ದೊರೆ ಆ ಈಸ್ಟರ್‌ಗೆ ಯಾರನ್ನೂ ಮುಟ್ಟಲಿಲ್ಲ. ಮೈ ಹುಷಾರಿಲ್ಲ ಎಂದು ಅರಮನೆಯವರು ಸಾರಿದರು. ಹುಷಾರಿಲ್ಲದ್ದು ಮೈಯಲ್ಲ ಎಂದು ಹಾಸಿಗೆಯ ಬಟ್ಟೆ ಒಗೆಯುವ ನಮಗೆ ಗೊತ್ತಿತ್ತು. ಇಟ್ಟುಕೊಂಡವಳನ್ನು ಬಿಡುತ್ತೇನೆ ಎನ್ನದೆ ಪಾಪಕ್ಕೆ ಕ್ಷಮೆಯಿಲ್ಲ, ಬಿಡಲು ಅವನಿಗೆ ಮನಸ್ಸಿಲ್ಲ. ಅಂಗಳದಲ್ಲಿ ನೂರಾರು ರೋಗಿಗಳು ಕೊರಳು ಬಿಚ್ಚಿಕೊಂಡು ಚಳಿಯಲ್ಲಿ ನಿಂತಿದ್ದರು. ಕಾವಲುಗಾರರು ದನ ಅಟ್ಟಿದ ಹಾಗೆ ಅಟ್ಟಿದರು.

ಮಾತ್ಯುರಿನ್ ಊರಿಗೆ ಹೋಗಲಿಲ್ಲ. "ಬರೋ ವರ್ಷ ಮುಟ್ತಾನೆ ಅಕ್ಕ. ದೊರೆ ಅಂದ್ಮೇಲೆ ಮನಸ್ಸು ಕರಗದೆ ಇರುತ್ತಾ?" ಎಂದು ನನ್ನ ಪಕ್ಕದ ಕಲ್ಲಿನಲ್ಲೇ ಬಟ್ಟೆ ಬಡಿಯಲು ನಿಂತಳು. ಐದು ಈಸ್ಟರ್ ಹೀಗೇ ಕಳೆದವು. ಪೆರೆತ್ ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಬೆಳೆದಳು. ಬಾಯಿ ಮಾತ್ರ ಜೋರು. "ದೊರೆ ಕೈ ತೊಳ್ಕೊಂಡು ಮುಟ್ತಾನಾ ದೊಡ್ಡಮ್ಮ? ಇಲ್ಲ ಅಂದ್ರೆ ನಂಗೆ ಬೇಡ," ಎನ್ನುತ್ತಿದ್ದಳು.

ಆಮೇಲೊಂದು ಬೇಸಿಗೆ, ಗಡಿಯ ಯುದ್ಧಕ್ಕೆ ಹೋದ ದೊರೆ ಅಲ್ಲಿ ಸಾಯುವ ಹಾಗೆ ಕಾಯಿಲೆ ಬಿದ್ದ. ಪ್ರಾಣ ಹೋಗುವ ಭಯಕ್ಕೆ ಪಾಪವನ್ನೆಲ್ಲ ಒಪ್ಪಿಕೊಂಡ, ಜೊತೆಗಿದ್ದ ಹೆಂಗಸನ್ನು ಓಡಿಸಿದ. ಊರೂರಲ್ಲಿ ಜನ ಮೇಣದಬತ್ತಿ ಹಚ್ಚಿ ಅತ್ತರು, ನಮ್ಮ ಪ್ರೀತಿಯ ದೊರೆ ಎಂದು ಹೆಸರಿಟ್ಟರು. ದೊರೆ ಬದುಕಿದ. ಮಾತ್ಯುರಿನ್ ಕೊಳದ ದಂಡೆಯಲ್ಲೇ ಕುಣಿದಳು.

"ಪಾಪ ಕಳೀತಲ್ಲ ಅಕ್ಕ! ಈಗಿನ್ನೇನು ಅಡ್ಡಿ?"

ಆ ಚಳಿಗಾಲ ಆಸ್ಪತ್ರೆಯ ಕನ್ಯಾಸ್ತ್ರೀಯೊಬ್ಬಳು ಪೆರೆತ್‌ಳ ಗಾಯಕ್ಕೆ ಮುಲಾಮು ಹಚ್ಚತೊಡಗಿದಳು. ಆರು ವರ್ಷ ಸೋರಿದ ಗಾಯ ನಿಧಾನವಾಗಿ ಒಣಗಿ ಹೊಪ್ಪಳೆ ಕಟ್ಟಿತು. ಈಸ್ಟರ್‌ಗೆ ಎರಡು ವಾರ ಉಳಿದಾಗ ಮಾತ್ಯುರಿನ್ ಮಗಳನ್ನು ಕರೆದುಕೊಂಡು ಬಂದು ತೋರಿಸಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಮೇಲೆ ಒಣಗ್ತಾ ಇದೆ, ಒಳಗಿನ ಗಂಟು ಹಾಗೇ ಇದೆ. ವೈದ್ಯರು ಒಳಗೆ ಬಿಡ್ತಾರಾ ಅಕ್ಕ?"

ಓಡಿಸಿದ ಹೆಂಗಸನ್ನು ದೊರೆ ಮತ್ತೆ ಕರೆಸಿದ್ದ, ಅವಳು ಸತ್ತಿದ್ದಳು, ಆ ಜಾಗಕ್ಕೆ ಹೊಸಬಳೊಬ್ಬಳು ಆಗಲೇ ಬಂದಿದ್ದಳು. ಹೊಸಬಳ ಒಳಂಗಿಗಳನ್ನು ಹಿಂದಿನ ವಾರವಷ್ಟೇ ನಾನೇ ಹಿಂಡಿ ಒಣಗಿಸಿದ್ದೆ, ಮಾತ್ಯುರಿನ್‌ಗೆ ಅದು ಗೊತ್ತಿರಲಿಲ್ಲ. ಅವನು ಮುಟ್ಟುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. ಅದನ್ನು ಹೇಳಿದರೆ ಅವಳ ಆರು ವರ್ಷ ನೀರಿಗೆ ಹೋದ ಹಾಗೆ. ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಹೊಪ್ಪಳೆ ಕಿತ್ತುಬಿಡು. ಹಸಿ ಇದ್ರೆ ತಾನೇ ಬಿಡೋದು?"

ಪೆರೆತ್ ನನ್ನ ಲಂಗದ ಹಿಂದೆ ಅವಿತಳು. "ಬೇಡ ಅಮ್ಮ, ಈಗ ನೋಯ್ತಿಲ್ಲ. ಒಣಗಲಿ ಬಿಡಮ್ಮ."

"ಒಂದೇ ಒಂದು ಸಲ, ಚಿನ್ನ. ಆಮೇಲೆ ಜೀವಮಾನವೆಲ್ಲ ನೋಯಲ್ಲ," ಎಂದಳು ತಾಯಿ. ನಾನು ಹುಡುಗಿಯ ಎರಡು ಕೈ ಹಿಡಿದುಕೊಂಡೆ. ಮಾತ್ಯುರಿನ್ ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಕಿತ್ತಳು.

ಈಸ್ಟರ್ ಬಂತು, ಹೋಯಿತು. ದೊರೆ ಪಾಪವನ್ನೂ ಹೇಳಿಕೊಳ್ಳಲಿಲ್ಲ, ಯಾರನ್ನೂ ಮುಟ್ಟಲೂ ಇಲ್ಲ. ಮತ್ತೆ ತೆರೆದ ಗಾಯ ಆಮೇಲೆ ಮುಚ್ಚಲಿಲ್ಲ. ಕೀವು ಎದೆಗಿಳಿಯಿತು, ಜ್ವರ ಏರಿತು. ಚೆರ್ರಿ ಹಣ್ಣು ಕೆಂಪಾಗುವ ಹೊತ್ತಿಗೆ ಪೆರೆತ್ ಸತ್ತಳು. ಅವಳಿಗೆ ಹನ್ನೆರಡು ವರ್ಷ. ಮಾತ್ಯುರಿನ್ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಅದೇ ಕಲ್ಲಿಗೆ ಬಂದು ಬಟ್ಟೆ ಬಡಿದಳು, ಒಂದೆರಡಲ್ಲ, ಇಪ್ಪತ್ತೊಂಬತ್ತು ವರ್ಷ. ಬಯ್ದಿದ್ದರೆ ಚೆನ್ನಾಗಿತ್ತು. ನಾನೂ ಒಂದು ಸಲವೂ ಆ ಮಾತು ಎತ್ತಲಿಲ್ಲ. ದೊರೆಯನ್ನು ಬಯ್ಯುವುದು ಸುಲಭ, ಅದನ್ನು ಹೊಟ್ಟೆ ತುಂಬ ಮಾಡಿದೆ.

ಕೊನೆಗೆ ದೊರೆ ಸಿಡುಬಿನಲ್ಲಿ ಕೊಳೆತು ಸತ್ತ. ಕೋಣೆಯ ನಾತಕ್ಕೆ ಸೇವಕರೇ ಮೂಗು ಮುಚ್ಚಿಕೊಂಡು ಓಡಿದರು. ಊರು ಹಬ್ಬ ಮಾಡಿತು. ಐವತ್ತೊಂಬತ್ತು ವರ್ಷ ಆಳಿದವನಿಗೆ ಅಳುವವರು ಸಿಗಲಿಲ್ಲ. ಮಾತ್ಯುರಿನ್ ಮಾತ್ರ ನಗಲಿಲ್ಲ, ಅಳಲೂ ಇಲ್ಲ.

ಮರುವರ್ಷ ಮೊಮ್ಮಗನಿಗೆ ಪಟ್ಟ. ರೀಮ್ಸ್ ಊರಿನಲ್ಲಿ ಹೊಸ ದೊರೆ ಗಂಡಮಾಲೆಯವರನ್ನು ಮುಟ್ಟುತ್ತಾನೆಂದು ಡಂಗುರವಾಯಿತು. ಪಶ್ಚಿಮದ ಹಳ್ಳಿಗಳಿಂದ ರೋಗಿಗಳು ಮತ್ತೆ ಸಾಲುಗಟ್ಟಿ ಹೊರಟರು. ಅವರಲ್ಲೊಬ್ಬಳು ಎಳೆಯ ತಾಯಿ ನಮ್ಮ ಕೊಳಕ್ಕೆ ಬಂದು, ಮಡಿಲಲ್ಲಿದ್ದ ಹುಡುಗನ ಕೊರಳಿಗೆ ಒದ್ದೆ ಬಟ್ಟೆ ಒತ್ತಿದಳು. ಒಣಗಿದ್ದ ಹೊಪ್ಪಳೆಯನ್ನು ಮೆತ್ತಗೆ ಮಾಡುತ್ತಿದ್ದಳು.

ಮಾತ್ಯುರಿನ್ ಎದ್ದು ಹೋಗಿ ಅವಳ ಕೈ ಹಿಡಿದಳು. "ಬೇಡಮ್ಮ. ಒಣಗ್ತಿದೆ, ಮನೆಗೆ ಕರ್ಕೊಂಡು ಹೋಗು."

"ಬಿಡಜ್ಜಿ ಕೈ! ನೀನೊಂದು ಹೆತ್ತಿದ್ರೆ ಗೊತ್ತಾಗ್ತಿತ್ತು ನನ್ನ ಸಂಕಟ."

ಮಾತ್ಯುರಿನ್ ಹಿಡಿದ ಕೈ ಬಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಹೆತ್ತಿದ್ದಳು ಕಣಮ್ಮ," ಎಂದೆ. "ಹೀಗೇ ಕೀಳು ಅಂತ ಹೇಳಿದವಳು ನಾನು. ದೊರೆ ಮುಟ್ಟಲ್ಲ ಅಂತ ಗೊತ್ತಿದ್ದೂ ಹೇಳಿದೆ. ಮಗು ಸತ್ತುಹೋಯ್ತು."

ಮಾತ್ಯುರಿನ್ ನನ್ನ ಕಡೆ ತಿರುಗಿದಳು. "ಗೊತ್ತಿತ್ತಾ ಅಕ್ಕ ನಿಂಗೆ?" ಎಂದಳು.

ಎಳೆಯ ತಾಯಿ ನಮ್ಮಿಬ್ಬರ ಮುಖವನ್ನೂ ಅಸಹ್ಯದಿಂದ ನೋಡಿ, ಮಗನನ್ನು ಎತ್ತಿಕೊಂಡು ರೀಮ್ಸ್ ದಾರಿ ಹಿಡಿದಳು.